ಸೈಕಲ್ಲು, ಹೆಲ್ಮೆಟ್ಟು ಮತ್ತು ಕಬ್ಬಿನ ಟ್ರ್ಯಾಕ್ಟರು



ಸೈಕಲ್ ತುಳಿಯುವವರು ಹೆಲ್ಮೆಟ್ ಹಾಕಿಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಬೇರೆ ಊರಲ್ಲಿ ಕೇಳಿದರೆ ಅದೊಂದು ಸಾಮಾನ್ಯ ಪ್ರಶ್ನೆ. ವಿಜಯಪುರದಲ್ಲಿ ಕೇಳಿದರೆ ಹಾಗಲ್ಲ. ಕರ್ನಾಟಕದಲ್ಲಿ ಸೈಕಲ್ ಸ್ಪರ್ಧೆ ಅಂದ ಕೂಡಲೇ ಮೊದಲು ಬಾಯಿಗೆ ಬರುವ ಹೆಸರುಗಳಲ್ಲಿ ವಿಜಯಪುರ ಒಂದು, ಬಾಗಲಕೋಟೆ ಇನ್ನೊಂದು. ಕ್ರೀಡಾ ಇಲಾಖೆಯ ಸೈಕ್ಲಿಂಗ್ ವಸತಿ ನಿಲಯ ನಮ್ಮೂರಲ್ಲಿದೆ. ಜಾತ್ರೆಯ ಸೈಕಲ್ ಓಟದಲ್ಲಿ ತಾಮ್ರದ ಕೊಡವನ್ನೋ ನಗದು ಬಹುಮಾನವನ್ನೋ ಗೆದ್ದ ರೈತರ ಮಕ್ಕಳು ಮುಂದೆ ರಾಜ್ಯಕ್ಕೆ, ರಾಷ್ಟ್ರಕ್ಕೆ ಪದಕ ತಂದದ್ದನ್ನು ಈ ಭಾಗ ಕಂಡಿದೆ. ಭೂತನಾಳದ ಹತ್ತಿರ ವೆಲೋಡ್ರೋಮ್, ಅಂದರೆ ಸೈಕಲ್ ಓಟದ ಪಥ, ಕಟ್ಟುತ್ತೇವೆಂದು ಹೊರಟ ಕೆಲಸ ವರ್ಷಗಟ್ಟಲೆ ಎಳೆಯಿತು. ಅಷ್ಟೂ ಕಾಲ ನಮ್ಮ ಹುಡುಗ ಹುಡುಗಿಯರಿಗೆ ಸೊಲ್ಲಾಪುರ ರಸ್ತೆ, ಅಥಣಿ ರಸ್ತೆ, ಜಮಖಂಡಿ ರಸ್ತೆಗಳೇ ವೆಲೋಡ್ರೋಮ್ ಆಗಿದ್ದವು.

ನಸುಕಿನಲ್ಲಿ ತೊರವಿ ದಾಟಿ ಅಥಣಿ ರಸ್ತೆಗೆ ಬಂದು ನಿಂತು ನೋಡಿ. ನಗರದ ಕಡೆಯಿಂದ ತಿಕೋಟಾ ದಿಕ್ಕಿಗೆ ಸಾಲಾಗಿ ಒಂದರ ಹಿಂದೊಂದು ತೆಳು ಗಾಲಿಯ ಸೈಕಲ್ ಹೋಗುತ್ತವೆ. ಸವಾರರು ಬೆನ್ನು ಬಾಗಿಸಿರುತ್ತಾರೆ, ತಲೆಯ ಮೇಲೆ ಹೆಲ್ಮೆಟ್ ಇರುತ್ತದೆ. ಅದೇ ಹೊತ್ತಿಗೆ ತಿಕೋಟಾ ಕಡೆಯಿಂದ ನಗರಕ್ಕೆ ಇನ್ನೊಂದು ಜಾತಿಯ ಸೈಕಲ್ ಬರುತ್ತದೆ. ಕರಿ ಬಣ್ಣದ ಹಳೆಯ ಅಟ್ಲಾಸ್ ಅದು. ಹಿಂದಿನ ಕ್ಯಾರಿಯರ್‌ಗೆ ಹಾಲಿನ ಕ್ಯಾನೋ ಸೊಪ್ಪಿನ ಗಂಟೋ ಕಟ್ಟಿರುತ್ತಾರೆ. ಸವಾರನ ತಲೆಯ ಮೇಲೆ ಟವೆಲ್ಲೋ ಪಟಗವೋ ಇರುತ್ತದೆ. ಇಬ್ಬರೂ ತುಳಿಯುತ್ತಿರುವುದು ಒಂದೇ ಡಾಂಬರಿನ ಮೇಲೆ, ಇಬ್ಬರ ಪಕ್ಕದಲ್ಲೂ ಹಾದು ಹೋಗುವುದು ಅದೇ ಲಾರಿ. ಒಬ್ಬನಿಗೆ ತಲೆ ಒಡೆದೀತು ಅನ್ನುವ ಎಚ್ಚರ ಇದೆ, ಇನ್ನೊಬ್ಬನಿಗೆ ಇಲ್ಲ ಅಂತ ನಮ್ಮಂಥ ಓದಿದವರು ತೀರ್ಮಾನ ಕೊಟ್ಟುಬಿಡುತ್ತೇವೆ. ಆ ತೀರ್ಮಾನ ಅರ್ಧ ಮಾತ್ರ ಸರಿ.

ನಗರದ ಸೈಕಲ್ ಅಂಗಡಿಯವರೊಬ್ಬರನ್ನು ಹೆಲ್ಮೆಟ್ ಮಾರಾಟ ಹೇಗಿದೆ ಅಂತ ಕೇಳಿದೆ. "ಗೇರ್ ಸೈಕಲ್ ತಗೊಳ್ಳೋರು ಹೆಲ್ಮೆಟ್ ಕೇಳ್ತಾರ್ರಿ. ಸಾದಾ ಸೈಕಲ್ ತಗೊಳ್ಳೋರು ಗಾಳಿ ಹೊಡಿಯೋ ಪಂಪ್ ಕೇಳ್ತಾರ" ಅಂದರು. ಹೆಲ್ಮೆಟ್ಟಿನ ಬಗ್ಗೆ ನಮ್ಮಲ್ಲಿರುವ ಧೋರಣೆ ಪೂರ್ತಿ ಈ ಎರಡು ಮಾತಿನಲ್ಲಿದೆ. ಸೈಕಲ್ಲು ಹವ್ಯಾಸವಾದವರಿಗೆ, ಆಟವಾದವರಿಗೆ ಹೆಲ್ಮೆಟ್ ಆ ಉಡುಗೆಯ ಒಂದು ಭಾಗ. ಬೆಳಗಿನ ವ್ಯಾಯಾಮಕ್ಕೆ ಗುಂಪು ಕಟ್ಟಿಕೊಂಡು ಹೋಗುವ ಡಾಕ್ಟರು, ವ್ಯಾಪಾರಸ್ಥರು, ಬ್ಯಾಂಕಿನವರು ಹಾಕಿಕೊಳ್ಳುತ್ತಾರೆ. ಸೈಕಲ್ಲು ಹೊಟ್ಟೆಪಾಡಾದವರಿಗೆ ಅದು ಸಾವಿರ ರೂಪಾಯಿಯ ಹತ್ತಿರದ ಬೇರೆಯೇ ಒಂದು ಖರ್ಚು. ಸೆಕೆಂಡ್ ಹ್ಯಾಂಡ್ ಸೈಕಲ್ಲಿಗೆ ಎರಡು ಸಾವಿರ ಕೊಟ್ಟವನಿಗೆ ಅದರ ಅರ್ಧ ರೊಕ್ಕವನ್ನು ಟೊಪ್ಪಿಗೆಗೆ ಸುರಿ ಅಂದರೆ ಅವನು ನಮ್ಮ ಮುಖ ನೋಡುತ್ತಾನೆ.

ಮುಜುಗರದ ಪ್ರಶ್ನೆ ಬೇರೆ. ಹೈಸ್ಕೂಲಿನ ಹುಡುಗನೊಬ್ಬ ಅಪ್ಪನ ಮೋಟಾರ್‌ಸೈಕಲ್ಲಿನ ದೊಡ್ಡ ಹೆಲ್ಮೆಟ್ ಹಾಕಿಕೊಂಡು ಸೈಕಲ್ ಮೇಲೆ ಹೊರಟರೆ ಓಣಿಯೇ ನಗುತ್ತದೆ. "ಏನಪಾ, ವಿಮಾನ ಹಾರಿಸ್ಲಾಕ ಹೊಂಟೀ ಏನು?" ಅನ್ನುವ ಮಾತು ಬಂದೇ ಬರುತ್ತದೆ. ಅದು ಬರೀ ಚೇಷ್ಟೆಯಲ್ಲ. ಮೋಟಾರ್‌ಸೈಕಲ್ಲಿನ ಹೆಲ್ಮೆಟ್ ಸೈಕಲ್ಲಿಗೆ ಹೇಳಿಸಿದ್ದಲ್ಲ. ಭಾರ ಜಾಸ್ತಿ, ಕಿವಿ ಮುಚ್ಚುತ್ತದೆ, ಗಾಳಿ ಆಡುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ ನಲವತ್ತು ದಾಟುವ ನಮ್ಮೂರಲ್ಲಿ ಅದನ್ನು ಹಾಕಿಕೊಂಡು ಪೆಡಲ್ ತುಳಿಯುವವನು ಅಪಘಾತಕ್ಕಿಂತ ಮೊದಲು ಸೆಖೆಗೇ ಬೀಳುತ್ತಾನೆ. ಸೈಕಲ್ ಹೆಲ್ಮೆಟ್ಟಿನ ಮೈತುಂಬ ಕಿಂಡಿ ಇರುವುದು ಇದಕ್ಕೇ.

ಕಾನೂನಿನ ಮಾತಿಗೆ ಬರೋಣ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟ್ ಕಡ್ಡಾಯ ಮಾಡಿದ್ದು ಮೋಟಾರ್‌ಸೈಕಲ್ ಮೇಲೆ ಕೂತವರಿಗೆ. ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಹಿಂದೆ ಕೂತವರಿಗೂ ಕಡ್ಡಾಯವಾಯಿತು. ಸೈಕಲ್ ಮೋಟಾರು ವಾಹನ ಅಲ್ಲ, ಹಾಗಾಗಿ ಅದಕ್ಕೆ ಈ ಕಲಂ ಹತ್ತುವುದಿಲ್ಲ. ಈಗ ಬ್ಯಾಟರಿ ಸೈಕಲ್ ಬಂದಿವೆ. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ತಾಸಿಗೆ 25 ಕಿಲೋಮೀಟರ್ ಮೀರದ ಗಾಡಿಗಳೂ ಈ ಲೆಕ್ಕದಿಂದ ಹೊರಗೆ. ಅಂದಮೇಲೆ ಗಾಂಧಿ ಚೌಕದಲ್ಲಿ ಪೊಲೀಸರು ಸೈಕಲ್ಲಿನವನನ್ನು ಹಿಡಿದು ಹೆಲ್ಮೆಟ್ ಎಲ್ಲಿ ಅಂತ ಕೇಳುವ ಹಾಗಿಲ್ಲ. ಕೇಳಬಾರದು ಕೂಡ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ನಾವು ಹೆಲ್ಮೆಟ್ಟನ್ನು ಪೊಲೀಸರ ಜೊತೆ ಗಂಟು ಹಾಕಿಬಿಟ್ಟಿದ್ದೇವೆ. ಮೋಟಾರ್‌ಸೈಕಲ್ಲಿನವರನ್ನೇ ನೋಡಿ. ಬಸವೇಶ್ವರ ಚೌಕ ಬರುವವರೆಗೆ ಹೆಲ್ಮೆಟ್ ಟ್ಯಾಂಕಿನ ಮೇಲೆ ಇಲ್ಲವೇ ಮೊಣಕೈಗೆ ಜೋತು ಬಿದ್ದಿರುತ್ತದೆ. ಚೌಕದಲ್ಲಿ ತಲೆಗೆ ಏರುತ್ತದೆ, ಊರು ದಾಟಿದ ಕೂಡಲೇ ಮತ್ತೆ ಮೊಣಕೈಗೆ ಇಳಿಯುತ್ತದೆ. ಅಂದರೆ ವೇಗ ಕಡಿಮೆ ಇರುವಲ್ಲಿ ತಲೆ ಮುಚ್ಚುತ್ತೇವೆ, ವೇಗ ಹೆಚ್ಚಾಗುವಲ್ಲಿ ತೆಗೆಯುತ್ತೇವೆ. ಭಯ ಇರುವುದು ದಂಡದ್ದು, ಡಾಂಬರಿನದ್ದಲ್ಲ. ದಂಡವೇ ಇಲ್ಲದ ಸೈಕಲ್ಲಿನವನು ಹೆಲ್ಮೆಟ್ ಹಾಕದೆ ಇದ್ದರೆ ಆಶ್ಚರ್ಯ ಎಲ್ಲಿ ಬಂತು?

ನಮ್ಮ ಭಯಗಳ ಲೆಕ್ಕ ಇನ್ನೊಂದು ಕಡೆಯೂ ತಪ್ಪಿದೆ. ಪೇಟೆಯ ತಾಯಂದಿರನ್ನು ಕೇಳಿ ನೋಡಿ. "ಸೈಕಲ್ ಮ್ಯಾಲ ಕಳಸ್ಲಾಕ ಜೀವ ಹೆದರ್ತದ್ರಿ, ಎಷ್ಟ್ ಗಾಡಿ ಓಡಾಡ್ತಾವ, ಅದಕ್ಕ ಸ್ಕೂಟಿ ಕೊಡಿಸೀವಿ" ಅನ್ನುತ್ತಾರೆ. ಮಗಳಿಗೆ ವಯಸ್ಸು ಹದಿನೈದು. ಲೈಸೆನ್ಸ್ ಇಲ್ಲ, ಹೆಲ್ಮೆಟ್ ಇಲ್ಲ, ಹಿಂದೆ ಇಬ್ಬರು ಗೆಳತಿಯರು. ಸೈಕಲ್ಲಿನ ವೇಗದ ಮೂರು ಪಟ್ಟು ವೇಗದಲ್ಲಿ ಆ ಕೂಸು ಸ್ಟೇಶನ್ ರಸ್ತೆಯಲ್ಲಿ ಹೋಗುತ್ತದೆ, ತಾಯಿಗೆ ಮಾತ್ರ ಸಮಾಧಾನ. 2019ರಲ್ಲಿ ಕಾಯ್ದೆಗೆ ಸೇರಿಸಿದ 199-ಎ ಕಲಮಿನ ಪ್ರಕಾರ ಇಂಥ ಪ್ರಕರಣದಲ್ಲಿ ಪಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅದು ತಾಯಂದಿರಿಗೆ ಗೊತ್ತಿಲ್ಲ ಅಂತಲ್ಲ. ಎಲ್ಲರೂ ಕೊಡಿಸಿದ್ದಾರೆ, ನಾವೂ ಕೊಡಿಸಿದ್ದೇವೆ ಅಷ್ಟೇ. ಅಪಾಯವನ್ನು ನಾವು ಅಳೆಯುವುದು ಪಕ್ಕದ ಮನೆಯನ್ನು ನೋಡಿ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ಮೋಟಾರು ದ್ವಿಚಕ್ರದವರು, 19ಕ್ಕಿಂತ ಹೆಚ್ಚು ಮಂದಿ ಕಾಲ್ನಡಿಗೆಯವರು. ಸೈಕಲ್ಲಿನವರು ನೂರಕ್ಕೆ ಸುಮಾರು ಮೂವರು. ಇದನ್ನು ಕೇಳಿ ಸೈಕಲ್ ಬಹಳ ಸುರಕ್ಷಿತ ಅಂತ ಚಪ್ಪಾಳೆ ತಟ್ಟುವ ಹಾಗಿಲ್ಲ. ರಸ್ತೆಯ ಮೇಲೆ ಸೈಕಲ್ಲುಗಳೇ ಕಡಿಮೆಯಾಗಿವೆಯಲ್ಲ! ಸರ್ಕಾರ 2006-07ರಿಂದ ಎಂಟನೇ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು. ಕೋವಿಡ್ ಬಂದ ವರ್ಷ ಅದು ನಿಂತಿತು. ಅಟ್ಲಾಸ್ ಕಂಪನಿ ತನ್ನ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು, ಅಂದರೆ ಸರಿಯಾಗಿ ವಿಶ್ವ ಸೈಕಲ್ ದಿನದಂದೇ. ಹಿಂದೆ ಸಾಲೋಟಗಿ, ಹೊನವಾಡ, ಕಾಖಂಡಕಿಯಂಥ ಊರಿನ ಶಾಲೆಗಳ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದ ಸೈಕಲ್ ಈಗ ತೆಳುವಾಗಿವೆ. ಹಾಗಿದ್ದೂ ಉಳಿದವರಲ್ಲಿ ಸಾಯುವವರು ಇದ್ದಾರೆ. ಒಬ್ಬ ಸವಾರ ಒಂದು ಕಿಲೋಮೀಟರ್ ತುಳಿದರೆ ಎಷ್ಟು ಅಪಾಯ ಅನ್ನುವುದನ್ನು ಈ ಅಂಕಿ ಹೇಳುವುದಿಲ್ಲ.

ಸರಿ, ಹೆಲ್ಮೆಟ್ ನಿಜವಾಗಿ ಏನು ಮಾಡುತ್ತದೆ? ಹಳೆಯದೊಂದು ಸೈಕಲ್ ಹೆಲ್ಮೆಟ್ಟನ್ನು ಗರಗಸದಿಂದ ನಡುವೆ ಕೊಯ್ದು ನೋಡಿದೆ. ಹೊರಗೆ ಕಾಗದದಷ್ಟು ತೆಳುವಾದ ಪ್ಲಾಸ್ಟಿಕ್ ಸಿಪ್ಪೆ. ಒಳಗೆ ಪೂರ್ತಿ ಬಿಳಿ ಥರ್ಮಾಕೋಲ್, ಹೊಸ ಟಿವಿಯ ಪೆಟ್ಟಿಗೆಯಲ್ಲಿ ಮೂಲೆಗೆ ಒತ್ತಿಟ್ಟಿರುತ್ತಾರಲ್ಲ, ಅದರ ಗಟ್ಟಿ ತಮ್ಮ. ದಪ್ಪ ಎರಡು ಬೆರಳಿನಷ್ಟು. ಒಳಗೆ ಅಲ್ಲಲ್ಲಿ ಸ್ಪಂಜಿನ ಮೆತ್ತೆ, ಅದು ಬೆವರಿಗೆ. ಇದರಲ್ಲಿ ಗಟ್ಟಿ ಅನ್ನುವಂಥದ್ದು ಏನೂ ಇಲ್ಲ, ಗಟ್ಟಿ ಇರಬಾರದು ಕೂಡ. ತಲೆ ನೆಲಕ್ಕೆ ಬಡಿದಾಗ ಆ ಥರ್ಮಾಕೋಲ್ ಪುಡಿಯಾಗಿ ಕುಗ್ಗುತ್ತದೆ, ಹೊಡೆತದ ಜೋರು ಒಂದು ಕ್ಷಣದ ಸಣ್ಣ ಭಾಗದಲ್ಲಿ ಹಂಚಿಹೋಗುತ್ತದೆ, ತಲೆಬುರುಡೆಗೆ ಮುಟ್ಟುವುದು ಉಳಿದದ್ದು. ಒಮ್ಮೆ ಕುಗ್ಗಿದ್ದು ಮತ್ತೆ ಉಬ್ಬುವುದಿಲ್ಲ. ಹಾಗಾಗಿ ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಎಷ್ಟೇ ಚೆಂದ ಕಂಡರೂ ಅದರ ಕೆಲಸ ಮುಗಿದಂತೆ. ಅಣ್ಣ ಬಿದ್ದು ಬಿಟ್ಟ ಹೆಲ್ಮೆಟ್ ತಮ್ಮನ ತಲೆಗೆ ಬರುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಅದು ಉಳಿತಾಯ ಅಲ್ಲ.

ಯುರೋಪಿನಲ್ಲಿ ಸೈಕಲ್ ಹೆಲ್ಮೆಟ್ಟಿಗೆ ಇರುವ ಇಎನ್ 1078 ಎಂಬ ಮಾನದಂಡದ ಪ್ರಕಾರ ಅದನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಕಬ್ಬಿಣದ ಸಪಾಟು ಅಡಿಗಲ್ಲಿನ ಮೇಲೆ ಬೀಳಿಸಿ ಪರೀಕ್ಷೆ ಮಾಡುತ್ತಾರೆ. ಆ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ತಾಸಿಗೆ ಇಪ್ಪತ್ತು ಕಿಲೋಮೀಟರಿಗೆ ಒಂದಿಷ್ಟು ಕಡಿಮೆ. ಸೈಕಲ್ ಮೇಲೆ ಕೂತವನ ತಲೆ ಇರುವ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಹೆಲ್ಮೆಟ್ ಮಾಡಿದ್ದು ಸೈಕಲ್ಲಿನಿಂದ ತಾನಾಗಿ ಬೀಳುವವನಿಗೆ. ನಾಯಿ ಅಡ್ಡ ಬಂದು ಬೀಳುವವನಿಗೆ, ಪೈಪ್‌ಲೈನ್ ಸಲುವಾಗಿ ಅಡ್ಡ ಅಗೆದು ಅರೆಬರೆ ಮುಚ್ಚಿದ ತಗ್ಗಿಗೆ ಗಾಲಿ ಸಿಕ್ಕು ಪಲ್ಟಿ ಹೊಡೆಯುವವನಿಗೆ. ಸುಗ್ಗಿಯ ಕಾಲದಲ್ಲಿ ನಮ್ಮ ರಸ್ತೆಗಳೇ ಕಣವಾಗುತ್ತವೆ. ತೊಗರಿ ಕಟ್ಟಿಗೆ, ಹೆಸರು, ಸೂರ್ಯಕಾಂತಿ ತೆನೆ ರಸ್ತೆಯ ಮೇಲೆ ಹಾಸಿ ಓಡಾಡುವ ಗಾಡಿಗಳ ಗಾಲಿಯಿಂದ ರಾಶಿ ಮಾಡಿಸಿಕೊಳ್ಳುತ್ತೇವೆ. ಅದರ ಮೇಲೆ ಸೈಕಲ್ ಬ್ರೇಕ್ ಹಿಡಿದರೆ ಮುಂದಿನ ಗಾಲಿ ಜಾರಿ ಸವಾರ ಮಗ್ಗುಲಿಗೆ ಬೀಳುತ್ತಾನೆ. ಅಲ್ಲಿ ಹೆಲ್ಮೆಟ್ ತನ್ನ ಪೂರ್ತಿ ಬೆಲೆ ತೀರಿಸುತ್ತದೆ. ಜಗತ್ತಿನ ಬೇರೆ ಬೇರೆ ಕಡೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಲೆಕ್ಕ ಹಾಕಿದರು. ಬಿದ್ದವರಲ್ಲಿ ಹೆಲ್ಮೆಟ್ ಇದ್ದವರಿಗೆ ತಲೆಗೆ ಪೆಟ್ಟಾಗುವ ಸಂಭವ ಅರ್ಧಕ್ಕರ್ಧ ಕಡಿಮೆ, ಗಂಭೀರ ಪೆಟ್ಟಿನ ಸಂಭವ ಇನ್ನೂ ಕಡಿಮೆ. ಇದರಲ್ಲಿ ವಾದ ಮಾಡುವಂಥದ್ದು ನನಗೇನೂ ಕಾಣಲಿಲ್ಲ.

ಪೆಟ್ಟಿನ ಭಯ ಅನುಭವಸ್ಥರಿಗಾದರೂ ಇರುತ್ತದೆಯೇ ಅಂದರೆ, ಅದೂ ಇಲ್ಲ. ಜಗತ್ತಿನ ಅತಿ ವೇಗದ ಸೈಕಲ್ ಸವಾರರೇ ಹೆಲ್ಮೆಟ್ ಬೇಡ ಅಂತ ಮುಷ್ಕರ ಹೂಡಿದ್ದರು. 1991ರಲ್ಲಿ ಫ್ರಾನ್ಸಿನ ಪ್ಯಾರಿಸ್–ನೀಸ್ ಓಟದಲ್ಲಿ ಅಂತರರಾಷ್ಟ್ರೀಯ ಸೈಕಲ್ ಸಂಸ್ಥೆ ಹೆಲ್ಮೆಟ್ ಕಡ್ಡಾಯ ಅಂದದ್ದಕ್ಕೆ ಸವಾರರು ತಿರುಗಿ ಬಿದ್ದರು, ಸಂಸ್ಥೆ ಹಿಂದೆ ಸರಿಯಿತು. ಅವರು ಹೇಳಿದ ಕಾರಣ ಸೆಖೆ, ಕಿರಿಕಿರಿ, ನಮ್ಮ ತಲೆ ನಮ್ಮ ಇಷ್ಟ ಅನ್ನುವಂಥವು. ನಮ್ಮ ಓಣಿಯ ಹುಡುಗರೂ ಅದನ್ನೇ ಹೇಳುತ್ತಾರೆ. 1995ರ ಟೂರ್ ದ ಫ್ರಾನ್ಸಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದಿದ್ದ ಇಟಲಿಯ ಫಾಬಿಯೊ ಕಸಾರ್ಟೆಲ್ಲಿ ಬೆಟ್ಟದ ಇಳಿಜಾರಿನಲ್ಲಿ ಬಿದ್ದು ತಲೆ ಒಡೆದು ಸತ್ತ. ಆಗಲೂ ನಿಯಮ ಬರಲಿಲ್ಲ. 2003ರ ಮಾರ್ಚಿನಲ್ಲಿ ಅದೇ ಪ್ಯಾರಿಸ್–ನೀಸ್ ಓಟದಲ್ಲಿ ಕಜಾಕಸ್ತಾನದ ಆಂದ್ರೇ ಕಿವಿಲೆವ್ ಬಿದ್ದು ಮರುದಿನ ತೀರಿಕೊಂಡ ಮೇಲೆ ಮೇ ತಿಂಗಳಿಂದ ಕಡ್ಡಾಯವಾಯಿತು. ಅದರಲ್ಲೂ ಒಂದು ರಿಯಾಯಿತಿ ಇಟ್ಟಿದ್ದರು, ಕೊನೆಯ ದೊಡ್ಡ ಏರಿನಲ್ಲಿ ತೆಗೆದು ಎಸೆಯಬಹುದು ಅಂತ. ಅದೂ ಆಮೇಲೆ ಹೋಯಿತು. ಇವತ್ತು ಹೆಲ್ಮೆಟ್ ಇಲ್ಲದೆ ಯಾವ ದೊಡ್ಡ ಓಟವೂ ಇಲ್ಲ. ವಿಜಯಪುರದ ವಸತಿ ನಿಲಯದ ಹುಡುಗಿ ರಾಷ್ಟ್ರೀಯ ಓಟಕ್ಕೆ ಹೆಲ್ಮೆಟ್ ಹಾಕದೆ ನಿಂತರೆ ಗೆರೆಯನ್ನೇ ದಾಟಬಿಡುವುದಿಲ್ಲ. ಹತ್ತು ಹನ್ನೆರಡು ವರ್ಷದಲ್ಲಿ ಒಂದು ಪೂರ್ತಿ ಕಸುಬಿನ ಅಭ್ಯಾಸ ಬದಲಾಯಿತು. ಬದಲಾಗದ್ದು ಏನೂ ಇಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

ಈಗ ನಾನು ಮೊದಲು ಹೇಳಿದ ಪಟಗದ ಸವಾರನ ಕಡೆ ಬರುತ್ತೇನೆ. ಬಬಲೇಶ್ವರ ರಸ್ತೆಯಲ್ಲಿ, ಸಾರವಾಡದ ಹತ್ತಿರ, ಹೊಲದಿಂದ ಮನೆಗೆ ಹೊರಟಿದ್ದ ಹಿರಿಯರೊಬ್ಬರನ್ನು ನಿಲ್ಲಿಸಿ ಮಾತಾಡಿಸಿದೆ. ಮೊಮ್ಮಗ ಮೋಟಾರ್‌ಸೈಕಲ್ ತೊಗೊಂಡಿದ್ದಾನೆ, ಇವರು ಸೈಕಲ್ ಬಿಟ್ಟಿಲ್ಲ. "ಕಾಕಾ, ತಲೆಗೆ ಹೆಲ್ಮೆಟ್ ಹಾಕ್ಕೋಬೇಕು ಅನ್ನಿಸೋದಿಲ್ಲೇನ್ರಿ?" ಅಂದೆ.

"ಪಟಗಾ ಅದಲ್ಲಪಾ" ಅಂದರು. "ಐವತ್ತ ವರ್ಷ ಆತು ತುಳೀಲಾಕತ್ತು. ಒಮ್ಮಿನೂ ತಲಿಗೆ ಪೆಟ್ಟಾಗಿಲ್ಲ."

ಇಲ್ಲಿಗೆ ಮಾತು ಮುಗಿಸಿದ್ದರೆ ಹಳ್ಳಿಯವರಿಗೆ ಅಪಾಯದ ಅರಿವಿಲ್ಲ ಅಂತ ನಾನೂ ಬರೆದುಕೊಂಡು ಬರುತ್ತಿದ್ದೆ. ರಾತ್ರಿ ಹೊತ್ತು ಹೇಗೆ ಅಂತ ಕೇಳಿದೆ.

"ರಾತ್ರಿ? ಎಲ್ಲೀದಪಾ. ದೀಪಾವಳಿ ಆತಂದ್ರ ಹೊತ್ತು ಮುಳುಗೋದರಾಗ ಮನಿ ಸೇರ್ತೀನಿ. ಕಬ್ಬಿನ ಗಾಡಿ ಶುರು ಆಗ್ತಾವ. ಹಿಂದ ದೀಪಿಲ್ಲ, ಮುಂದ ಹಾಡು. ಅವಂಗ ನಾ ಕಾಣಂಗಿಲ್ಲ, ನನ್ನ ಗಂಟಿ ಕೇಳಂಗಿಲ್ಲ. ಎದುರಿಗೆ ಬಂತಂದ್ರ ನಾ ಇಳದು ಜಾಲಿ ಕಂಟಿಗೆ ಸೈಕಲ್ ಆನಿಸಿ ನಿಂದರ್ತೀನಿ. ಎರಡನೇ ಟ್ರೇಲರ್ ದಾಟಿ ಹೋದ ಮ್ಯಾಲ ಹತ್ತೂದು."

ಇಷ್ಟು ಚೊಕ್ಕ ಅಪಾಯದ ಲೆಕ್ಕವನ್ನು ನಾನು ಯಾವ ವರದಿಯಲ್ಲೂ ಓದಿಲ್ಲ. ಯಾವ ತಿಂಗಳು, ಯಾವ ಹೊತ್ತು, ಯಾವ ಗಾಡಿ, ಅದರ ಯಾವ ಭಾಗ ಅನ್ನುವುದೆಲ್ಲ ಇದರಲ್ಲಿದೆ. "ಎರಡನೇ ಟ್ರೇಲರ್" ಅನ್ನುವುದನ್ನು ಗಮನಿಸಿ. ಜೋಡಿ ಟ್ರೇಲರಿನ ಟ್ರ್ಯಾಕ್ಟರ್ ದಾಟಿ ಹೋಗುವಾಗ ಎಂಜಿನ್ ಹೋಯಿತು, ಮೊದಲ ಟ್ರೇಲರ್ ಹೋಯಿತು ಅಂತ ಸೈಕಲ್ಲಿನವನು ರಸ್ತೆಗೆ ಬರುತ್ತಾನೆ. ಹಿಂದಿನದು ತಗ್ಗು ಸಿಕ್ಕ ಕಡೆ ತೊನೆದಾಡುತ್ತಾ ಬರುತ್ತದೆ, ಎರಡೂ ಮಗ್ಗುಲಿಗೆ ಕಬ್ಬಿನ ಜಲ್ಲೆ ಮೊಳದುದ್ದ ಹೊರಗೆ ಚಾಚಿರುತ್ತದೆ. ಆ ಜಲ್ಲೆ ಸವಾರನ ಭುಜಕ್ಕೆ ತಾಗಿದರೂ ಸಾಕು, ಗಾಲಿಯ ಕೆಳಗೆ ಹೋಗುತ್ತಾನೆ. ಗಾಲಿಯ ಕೆಳಗೆ ಹೋದವನ ಹೆಲ್ಮೆಟ್ ಒಂದೂವರೆ ಮೀಟರ್ ಎತ್ತರದಿಂದ ಬಿದ್ದು ಪಾಸಾಗಿದ್ದರೆ ಏನು ಬಂತು?

ಈ ಅಪಾಯ ನಮ್ಮ ಭಾಗಕ್ಕೆ ಹಳೆಯದಲ್ಲ, ಏಳಿಗೆಯ ಜೊತೆ ಬಂದದ್ದು. ತಿಕೋಟಾ, ಬಬಲೇಶ್ವರದ ಕಡೆ ಹಿಂದೆ ಇದ್ದದ್ದು ಬಿಳಿಜೋಳ, ಅಲ್ಲಲ್ಲಿ ಬಾವಿಯ ಮೇಲೆ ದ್ರಾಕ್ಷಿ. ಬೇಸಿಗೆಯಲ್ಲಿ ದ್ರಾಕ್ಷಿ ಗಿಡ ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ನೀರು ಹೊತ್ತು ಹಾಕಿದವರು ತಿಕೋಟಾದ ರೈತರು. ಮುಳವಾಡ ಏತ ನೀರಾವರಿ, ತುಬಚಿ–ಬಬಲೇಶ್ವರ ಏತ ನೀರಾವರಿ ಬಂದು ಕೃಷ್ಣೆಯ ನೀರು ಕೆರೆಗೆ, ಕಾಲುವೆಗೆ ಏರಿತು. ನೀರು ಬಂದಲ್ಲಿ ಕಬ್ಬು ಬಂತು, ಕಬ್ಬಿನ ಹಿಂದೆ ಟ್ರ್ಯಾಕ್ಟರು ಬಂತು. ರಸ್ತೆ ಅಗಲವಾಯಿತು, ಅಗಲವಾದ ರಸ್ತೆಯಲ್ಲಿ ವೇಗ ಬಂತು. ತಿಕೋಟಾ, ಬಬಲೇಶ್ವರ ಎರಡೂ ತಾಲ್ಲೂಕು ಕೇಂದ್ರವಾದವು, ಓಡಾಟ ಹೆಚ್ಚಿತು. ಇದರಲ್ಲಿ ಯಾವುದೂ ಬೇಡವಾಗಿದ್ದಲ್ಲ. ಆದರೆ ಈ ಎಲ್ಲದರ ನಡುವೆ ಸೈಕಲ್ಲಿನವನಿಗೆ ರಸ್ತೆಯ ಅಂಚಿನ ಬಿಳಿ ಪಟ್ಟಿಯ ಆಚೆ ಎಷ್ಟು ಜಾಗ ಉಳಿಯಿತು ಅಂತ ಯಾರೂ ಅಳೆಯಲಿಲ್ಲ. ಡಾಂಬರಿಗೂ ಮಣ್ಣಿಗೂ ನಡುವೆ ಗೇಣುದ್ದದ ತಗ್ಗು ಇರುವ ಕಡೆ ಅವನು ಕೆಳಗೆ ಇಳಿಯಲೂ ಆಗುವುದಿಲ್ಲ.

ನಮ್ಮ ಅಜ್ಜಂದಿರ ಕಾಲದಲ್ಲಿ ಸೈಕಲ್ಲಿಗೂ ಕಾನೂನು ಇತ್ತು ಅನ್ನುವುದು ಈಗಿನವರಿಗೆ ಗೊತ್ತಿಲ್ಲ. ಪುರಸಭೆಗೆ ತೆರಿಗೆ ಕಟ್ಟಿ ತಗಡಿನ ಬಿಲ್ಲೆ ಹಚ್ಚಿಸಿಕೊಳ್ಳಬೇಕಿತ್ತು. ರಾತ್ರಿ ದೀಪ ಇಲ್ಲದೆ ಹೋದರೆ, ಡಬಲ್ ಸವಾರಿ ಹೋದರೆ ಪೊಲೀಸರು ಹಿಡಿಯುತ್ತಿದ್ದರು. ಎಷ್ಟೋ ಜನ ಗಾಲಿಯ ಗಾಳಿ ಬಿಡಿಸಿಕೊಂಡು ಮನೆಗೆ ತಳ್ಳಿಕೊಂಡು ಬಂದಿದ್ದಾರೆ. ಮೊದಲು ಎಣ್ಣೆ ದೀಪ, ಆಮೇಲೆ ಟಯರಿಗೆ ಉಜ್ಜಿಕೊಂಡು ಗುಂಯ್‌ಗುಡುತ್ತಿದ್ದ ಡೈನಮೊ. ಆ ಕಾನೂನು ತಲೆಗೆ ಏನು ಹಾಕಿದ್ದೀ ಅಂತ ಕೇಳಲಿಲ್ಲ, ನೀನು ಕಾಣುತ್ತೀಯೋ ಇಲ್ಲವೋ ಅಂತ ಕೇಳುತ್ತಿತ್ತು.  ಬಿಲ್ಲೆ ಹೋಯಿತು, ಒಳ್ಳೆಯದಾಯಿತು. ಅದರ ಜೊತೆ ದೀಪವೂ ಹೋಯಿತು. ಹೊಸ ಸೈಕಲ್ಲಿಗೆ ಬೆಳಕು ಹೊಳೆಯುವ ರಿಫ್ಲೆಕ್ಟರ್ ಇರಲೇಬೇಕು ಅಂತ ಕೇಂದ್ರ ಸರ್ಕಾರ ಆದೇಶ ಮಾಡಿದೆ. ಮನೆಗೆ ಬಂದ ಆರು ತಿಂಗಳಲ್ಲಿ ಹಿಂದಿನ ಮಡ್‌ಗಾರ್ಡಿನ ಕೆಂಪು ಗಾಜು ಒಡೆದಿರುತ್ತದೆ, ಅದನ್ನು ಮತ್ತೆ ಹಚ್ಚಿಸುವವರು ಅಪರೂಪ.

ಸೈಕಲ್ಲಿನವನಿಗೆ ಪೊಲೀಸರು ಹೆಲ್ಮೆಟ್ ಕೇಳಬಾರದು ಅಂದೆನಲ್ಲ, ಅದರ ಕಾರಣ ಇಲ್ಲಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರ ಜುಲೈ 1ರಿಂದ ಸೈಕಲ್ಲಿಗೂ ಹೆಲ್ಮೆಟ್ ಕಡ್ಡಾಯ ಮಾಡಿತು, ಜಗತ್ತಿನಲ್ಲಿ ಅದೇ ಮೊದಲು. ತಲೆಯ ಪೆಟ್ಟು ಇಳಿಯಿತು. ಆದರೆ ಹದಿಹರೆಯದವರು ಸೈಕಲ್ ತುಳಿಯುವುದೂ ಇಳಿಯಿತು. ಎಷ್ಟು ಪಾಲು ಹೆಲ್ಮೆಟ್ಟಿನಿಂದ, ಎಷ್ಟು ಪಾಲು ಸೈಕಲ್ ಬಿಟ್ಟದ್ದರಿಂದ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ನಮ್ಮಲ್ಲಿ ದಂಡ ಹಾಕಲು ಹೊರಟರೆ ಸಿಕ್ಕಿಬೀಳುವವನು ಸ್ಕೂಟಿಯ ಹುಡುಗನಲ್ಲ, ಸೊಪ್ಪಿನ ಗಂಟಿನ ಮುದುಕ.

ಹೆಲ್ಮೆಟ್ ಹಾಕಿದವನನ್ನು ಕಂಡು ಚಾಲಕರು ಹೇಗೆ ನಡೆದುಕೊಳ್ಳುತ್ತಾರೆ ಅನ್ನುವ ಪ್ರಶ್ನೆಯೂ ಇದೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ ಎಂಬ ಮನಶ್ಶಾಸ್ತ್ರಜ್ಞ 2006ರ ಸುಮಾರಿಗೆ ತನ್ನ ಸೈಕಲ್ಲಿಗೆ ಅಳತೆಯ ಯಂತ್ರ ಹಚ್ಚಿಕೊಂಡು, ಒಮ್ಮೆ ಹೆಲ್ಮೆಟ್ ಹಾಕಿ ಒಮ್ಮೆ ಹಾಕದೆ ತಿರುಗಿದ. ಹೆಲ್ಮೆಟ್ ಹಾಕಿದಾಗ ವಾಹನಗಳು ಸರಾಸರಿ ಎಂಟೂವರೆ ಸೆಂಟಿಮೀಟರ್ ಹೆಚ್ಚು ಹತ್ತಿರ ಹಾದವು. ಉದ್ದ ಕೂದಲಿನ ಟೋಪನ್ ಹಾಕಿಕೊಂಡು ಹೆಂಗಸಿನ ಹಾಗೆ ಕಂಡಾಗ ದೂರ ಸರಿದವು. ಆ ಪ್ರಯೋಗದ ನಡುವೆ ಎರಡು ಸಲ ಗಾಡಿಗಳು ಅವನಿಗೆ ಗುದ್ದಿದವು, ಎರಡೂ ಸಲ ಹೆಲ್ಮೆಟ್ ಇತ್ತು. ಆ ಲೆಕ್ಕದಲ್ಲಿ ಹುರುಳಿಲ್ಲ ಅಂತ ವಾದಿಸಿದವರೂ ಇದ್ದಾರೆ. ನಮ್ಮ ಜಮಖಂಡಿ ರಸ್ತೆಗೆ ಅದನ್ನು ಹಚ್ಚುವ ಗೋಜಿಗೆ ನಾನು ಹೋಗುವುದಿಲ್ಲ. ಇಲ್ಲಿ ಚಾಲಕ ಹೆಲ್ಮೆಟ್ ನೋಡಿ ಹತ್ತಿರ ಬರುವುದಲ್ಲ, ಸೈಕಲ್ಲನ್ನೇ ನೋಡಿರುವುದಿಲ್ಲ. ನೆದರ್ಲೆಂಡ್ಸಿನಲ್ಲಿ ಜನ ಹೆಲ್ಮೆಟ್ ಇಲ್ಲದೆಯೇ ತುಳಿಯುತ್ತಾರೆ ಅಂತ ಉದಾಹರಣೆ ಕೊಡುವವರಿಗೂ ಒಂದು ಮಾತು. ಆ ದೇಶದಲ್ಲಿ 1971ರಲ್ಲಿ ರಸ್ತೆಯ ಮೇಲೆ ನಾನೂರಕ್ಕೂ ಹೆಚ್ಚು ಮಕ್ಕಳು ಸತ್ತರು. ತಾಯಿ ತಂದೆಯರು ಬೀದಿಗೆ ಇಳಿದು, ಮಕ್ಕಳ ಕೊಲೆ ನಿಲ್ಲಿಸಿ ಅನ್ನುವ ಹೆಸರಿನಲ್ಲೇ ಚಳವಳಿ ಮಾಡಿ ಸೈಕಲ್ಲಿಗೆ ಬೇರೆ ದಾರಿ ಮಾಡಿಸಿಕೊಂಡರು. ಬರಿ ತಲೆಯಲ್ಲಿ ಓಡಾಡುವ ಧೈರ್ಯ ಅವರಿಗೆ ಬಂದದ್ದು ಆಮೇಲೆ.

ಹಾಗಾದರೆ ಹೆಲ್ಮೆಟ್ ಬೇಡವೇ? ಬೇಕು. ಮಕ್ಕಳಿಗೆ ಬೇಕೇ ಬೇಕು, ಯಾಕೆಂದರೆ ಮಕ್ಕಳು ಬೀಳುವುದು ತಾವಾಗಿಯೇ, ಹೆಲ್ಮೆಟ್ ಮಾಡಿರುವುದೇ ಅಂಥ ಬೀಳುವಿಕೆಗೆ. ವೇಗವಾಗಿ ತುಳಿಯುವವರಿಗೆ ಓಟದ ದಿನ ಮಾತ್ರವಲ್ಲ, ಅಭ್ಯಾಸದ ದಿನವೂ ಬೇಕು. ಕೊಳ್ಳುವಾಗ ಮಗುವನ್ನು ಅಂಗಡಿಗೆ ಕರೆದುಕೊಂಡು ಹೋಗಿ. ಮುಂದಿನ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು, ಗದ್ದದ ಪಟ್ಟಿಯೊಳಗೆ ಒಂದೆರಡು ಬೆರಳು ತೂರುವಷ್ಟು ಸಡಿಲ ಸಾಕು. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಜಾರಬಾರದು. ಬೆಳೆಯುವ ಹುಡುಗ ಅಂತ ಅಂಗಿಯ ಹಾಗೆ ದೊಡ್ಡದು ತಂದರೆ ಬೀಳುವಾಗ ಅದು ಮೊದಲು ಹಿಂದಕ್ಕೆ ಸರಿಯುತ್ತದೆ, ಹಣೆ ಬರಿದಾಗುತ್ತದೆ. ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿ ಮಡಚುವ ಹುಡುಗಿಯರಿಗೆ ಜಡೆ ಕಿವಿಯ ಕೆಳಗೆ ಬರುವಂತೆ ಹೆಣೆದರೆ ಹೆಲ್ಮೆಟ್ ಸರಿಯಾಗಿ ಕೂರುತ್ತದೆ. ಅದೇ ಬಿಲ್ಲಿನಲ್ಲಿ ಹಿಂದೆ ಮಿಣುಕುವ ಕೆಂಪು ದೀಪ ಒಂದು ಬರೆಸಿ. ಹೆಲ್ಮೆಟ್ಟಿಗೂ ದೀಪಕ್ಕೂ ಕೂಡಿ ರೊಕ್ಕ ಸಾಲದು, ಒಂದೇ ಆಗುತ್ತದೆ ಅನ್ನುವ ದೊಡ್ಡವರು, ರಾತ್ರಿ ಓಡಾಟ ಇದ್ದರೆ ಮೊದಲು ದೀಪ ತೊಗೊಳ್ಳಿ ಅಂತ ನಾನು ಹೇಳುತ್ತೇನೆ. ವೈದ್ಯರು ಇದನ್ನು ಒಪ್ಪಲಿಕ್ಕಿಲ್ಲ. ಕಬ್ಬಿನ ಗಾಡಿ ಬಂದಾಗ ಜಾಲಿ ಕಂಟಿಗೆ ಆನಿಸಿ ನಿಂತವರು ಒಪ್ಪುತ್ತಾರೆ.

ಕೊನೆಯದಾಗಿ ಟ್ರ್ಯಾಕ್ಟರ್ ಮಾಲೀಕರಿಗೆ, ಸಕ್ಕರೆ ಕಾರ್ಖಾನೆಯವರಿಗೆ ಒಂದು ಬೇಡಿಕೆ. ನುರಿಸುವ ಹಂಗಾಮು ಶುರುವಾದ ದಿನದಿಂದಲೇ, ಕಬ್ಬು ತರುವ ಪ್ರತಿ ಗಾಡಿಯ ಎರಡನೇ ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಇದೆಯೋ ಇಲ್ಲವೋ ಗೇಟಿನಲ್ಲೇ ನೋಡಿ. ಇಲ್ಲದಿದ್ದರೆ ಅಲ್ಲೇ ಹಚ್ಚಿಸಿ, ಆಮೇಲೆ ತೂಕದ ಚೀಟಿ ಕೊಡಿ. ಹೊರಗೆ ಚಾಚಿದ ಜಲ್ಲೆಯನ್ನು ಹೊಲದಲ್ಲೇ ಕೊಯ್ದು ಸರಿಮಾಡಿಸಿ. ಚಾಲಕ ಹಾಡು ಕೇಳಲಿ, ಬೇಡ ಅನ್ನುವುದಿಲ್ಲ, ಹಿಂದಿನ ಗಂಟಿ ಕೇಳುವಷ್ಟು ದನಿ ತಗ್ಗಿಸಲಿ.